ಕುಂಬಳದ ಬಳ್ಳಿ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಬಳ್ಳಿ ಸಪ್ಪಗಿದೆ ಅಂತ ಕಂಡ ಕೂಡಲೇ ನಮ್ಮ ಕೈ ಎರಡೇ ಕಡೆ ಹೋಗುತ್ತದೆ. ಒಂದು ನೀರಿನ ಪೈಪು, ಇನ್ನೊಂದು ಔಷಧಿಯ ಬಾಟಲಿ. ಎರಡನ್ನೂ ಸ್ವಲ್ಪ ಹೊತ್ತು ಕೆಳಗಿಡಿ. ನಾನು ಕುಂಬಳ ಹಾಕಲು ಶುರು ಮಾಡಿದ ಮೊದಲೆರಡು ವರ್ಷ ರೋಗದಿಂದ ಹೋದ ಬಳ್ಳಿಗಿಂತ ನನ್ನ ಆತುರದ ಆರೈಕೆಯಿಂದ ಹೋದ ಬಳ್ಳಿಗಳೇ ಜಾಸ್ತಿ.

ಈ ಬಳ್ಳಿಯ ಒಂದು ಗುಣ ಮೊದಲೇ ತಿಳಿದಿರಲಿ. ತೊಂದರೆ ಕಣ್ಣಿಗೆ ಬೀಳುವುದು ಇವತ್ತು, ಆದದ್ದು ಯಾವತ್ತೋ. ಇವತ್ತು ಉದುರಿದ ಹೀಚಿನ ಕಾರಣ ನಾಲ್ಕೈದು ದಿನ ಹಿಂದಿನ ಒಂದು ಬೆಳಗ್ಗೆಯಲ್ಲಿದೆ. ಕಾಯಿಯ ತುದಿ ಕಪ್ಪಾದರೆ ಅದಕ್ಕೂ ಹಿಂದೆ ನೀರು ತಪ್ಪಿದ ವಾರ ಒಂದಿರುತ್ತದೆ. ಕೂಡಿಟ್ಟ ಕಾಯಿ ಎರಡು ತಿಂಗಳಿಗೆ ಕೊಳೆತರೆ ತಪ್ಪು ಆಗಿದ್ದು ಕೊಯ್ಯುವ ದಿನ. ಹಾಗಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬೀಜ ಹಾಕಿದ ದಿನ, ಗೊಬ್ಬರ ಕೊಟ್ಟ ದಿನ, ಮೊದಲ ಹೆಣ್ಣು ಹೂ ಕಂಡ ದಿನ, ಜೋರು ಮಳೆ, ವಿಪರೀತ ಸೆಕೆ. ಇಷ್ಟು ಬರೆದಿಟ್ಟರೆ ಸಾಕು. ನನಗೆ ಈ ಪುಸ್ತಕ ಯಾವ ಔಷಧಿಗಿಂತಲೂ ಹೆಚ್ಚು ಕೆಲಸಕ್ಕೆ ಬಂದಿದೆ.

ಮೊದಲು, ನಿಮ್ಮ ಕುಂಬಳ ಯಾವುದು?

ನಮ್ಮ ಸಿಹಿಗುಂಬಳದ ಗುಂಪಿಗೆ ಇಂಗ್ಲಿಷಿನಲ್ಲಿರುವ ವಿಂಟರ್ ಸ್ಕ್ವಾಷ್ ಅನ್ನುವ ಹೆಸರೇ ಮೊದಲ ಎಡವಟ್ಟು. ಚಳಿಗಾಲದ ಬೆಳೆ ಅಂದುಕೊಂಡು ಕೊರೆಯುವ ಚಳಿಯಲ್ಲಿ ಬೀಜ ಹಾಕುವವರಿದ್ದಾರೆ. ಇದು ಅಪ್ಪಟ ಬಿಸಿಲಿನ ಬೆಳೆ. ಪೂರ್ತಿ ಬಲಿತ ಕಾಯಿ ಕೊಯ್ದಿಟ್ಟರೆ ಚಳಿಗಾಲವಿಡೀ ಕೆಡುವುದಿಲ್ಲ, ಆ ಹೆಸರು ಬಂದದ್ದು ಅದಕ್ಕೆ. ಬೂದುಗುಂಬಳ ಬೇರೆಯೇ ಕುಲದ್ದು, ಅದರ ಮಾತು ಇಲ್ಲಿಲ್ಲ.

ನಮ್ಮ ಸಿಹಿಗುಂಬಳದ ಗುಂಪಿನಲ್ಲಿ ಮುಖ್ಯವಾಗಿ ಮೂರು ಜಾತಿ. ಬಟರ್‌ನಟ್ ಅನ್ನುವ ತಳಿ ಮೊಸ್ಕಾಟಾ ಜಾತಿಯದು. ಹಬ್ಬರ್ಡ್, ಕಬೋಚಾ ಮ್ಯಾಕ್ಸಿಮಾ ಜಾತಿಯವು. ಏಕಾರ್ನ್, ಡೆಲಿಕಾಟಾ ಪೆಪೊ ಜಾತಿಯವು. ಬೀಜದ ಪೊಟ್ಟಣ ಕಳೆದುಹೋಗಿದ್ದರೆ ಕಾಯಿಯ ತೊಟ್ಟು ನೋಡಿ. ಗಟ್ಟಿಯಾಗಿ, ಏಣು ಏಣಾಗಿದ್ದು, ಕಾಯಿಗೆ ಸೇರುವಲ್ಲಿ ಹೂವಿನಂತೆ ಅಗಲವಾಗಿದ್ದರೆ ಮೊಸ್ಕಾಟಾ. ದುಂಡಗೆ ದಪ್ಪಗಿದ್ದು ಬಲಿತಾಗ ಬಿರಡೆಯಂತೆ ಆದರೆ ಮ್ಯಾಕ್ಸಿಮಾ. ಏಣುಗಳಿದ್ದೂ ಬುಡದಲ್ಲಿ ಅಷ್ಟಾಗಿ ಅಗಲವಾಗದಿದ್ದರೆ ಪೆಪೊ. ಇದನ್ನು ಯಾಕೆ ಹೇಳಿದೆ ಅಂದರೆ ಕೆಲವು ಹುಳಗಳು ಒಂದು ಜಾತಿಯನ್ನು ಮುಗಿಸಿ ಪಕ್ಕದ ಇನ್ನೊಂದನ್ನು ಮುಟ್ಟದೇ ಬಿಡುತ್ತವೆ. ಕಾಯಿ ಎಷ್ಟು ದಿನ ಇಡಬಹುದು ಅನ್ನುವುದೂ ಜಾತಿಯ ಮೇಲೇ ಇದೆ.

ಬೀಜ ಮೇಲೇಳಲಿಲ್ಲ

ಹತ್ತು ದಿನ ಕಾದರೂ ಏನೂ ಕಾಣದಿದ್ದರೆ ಸುಮ್ನೆ ಇನ್ನೊಂದು ಬೀಜ ಒತ್ತಬೇಡಿ. ಬೆರಳಲ್ಲಿ ಮಣ್ಣು ಸರಿಸಿ ಹಳೇ ಬೀಜ ಹುಡುಕಿ. ಮೆತ್ತಗೆ ಕೊಳೆತು ಸಿಕ್ಕಿತಾ? ಮಣ್ಣು ತಣ್ಣಗಿತ್ತು, ಇಲ್ಲವೇ ನೀರು ಜಾಸ್ತಿಯಾಯಿತು. ಮಣ್ಣು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಬೀಜ ಮೊಳೆಯುವುದಕ್ಕಿಂತ ಮೊದಲೇ ಕೊಳೆಯುತ್ತದೆ. 25ರಿಂದ 35 ಡಿಗ್ರಿ ಇದ್ದರೆ ವಾರದೊಳಗೆ ತಲೆ ಎತ್ತುತ್ತದೆ. ಬರೀ ಸಿಪ್ಪೆ ಸಿಕ್ಕರೆ, ಅಥವಾ ಏನೂ ಸಿಗದಿದ್ದರೆ, ಇಲಿ ಇಲ್ಲವೇ ಅಳಿಲಿನ ಕೆಲಸ. ಬೀಜ ಗಟ್ಟಿಯಾಗಿ ಹಾಗೇ ಇದ್ದರೆ ಇನ್ನೂ ನಾಲ್ಕು ದಿನ ಬಿಡಿ. ಎರಡು ಮೂರು ಸೆಂಟಿಮೀಟರ್ ಆಳ ಸಾಕು.

ಕುಂಡದಲ್ಲಿ ಸಸಿ ಎಬ್ಬಿಸಿ ನೆಲಕ್ಕೆ ನೆಟ್ಟಿದ್ದೀರಾ, ಆಮೇಲೆ ಅದು ಎರಡು ವಾರ ನಿಂತಲ್ಲೇ ನಿಂತಿದೆಯಾ? ಬೇರು ಕದಲಿದೆ. ಕುಂಬಳಕ್ಕೆ ಬೇರು ಮುಟ್ಟಿದರೆ ಆಗುವುದಿಲ್ಲ. ಎರಡು ಮೂರು ಎಲೆ ಇರುವಾಗಲೇ ಮಣ್ಣಿನ ಹೆಂಟೆ ಒಡೆಯದಂತೆ ನೆಡಬೇಕು. ಆದಷ್ಟೂ ಬೆಳೆಯುವ ಜಾಗದಲ್ಲೇ ಬೀಜ ಹಾಕುವುದು ಒಳ್ಳೆಯದು.

ಹೂ ತುಂಬಾ, ಕಾಯಿ ಸೊನ್ನೆ

ಎಲ್ಲರ ದೂರೂ ಇದೇ. ಇದರಲ್ಲಿ ಅರ್ಧ ದೂರು ದೋಷವೇ ಅಲ್ಲ. ಕುಂಬಳದ ಬಳ್ಳಿ ಮೊದಲು ಗಂಡು ಹೂ ಬಿಡುತ್ತದೆ. ಹೆಣ್ಣು ಹೂ ಬರುವುದು ಅದಾಗಿ ಒಂದೆರಡು ವಾರಕ್ಕೆ. ಹೂವಿನ ಹಿಂದೆ ನೋಡಿದರೆ ಗೊತ್ತಾಗುತ್ತದೆ. ಗಂಡು ಹೂ ತೆಳ್ಳನೆಯ ಉದ್ದ ತೊಟ್ಟಿನ ಮೇಲೆ ನಿಂತಿರುತ್ತದೆ. ಹೆಣ್ಣು ಹೂವಿನ ತೊಟ್ಟು ಗಿಡ್ಡ, ಹೂವಿನ ಕೆಳಗೆ ಪುಟಾಣಿ ಕಾಯಿಯೇ ಇರುತ್ತದೆ. ಬಟರ್‌ನಟ್ ಆದರೆ ಹೆಬ್ಬೆರಳ ಗಾತ್ರದ ಬಟರ್‌ನಟ್, ಏಕಾರ್ನ್ ಆದರೆ ಗೋಲಿಯಂಥ ಏಕಾರ್ನ್.

ಆ ಪುಟಾಣಿಯನ್ನು ನೋಡಿ ಕಾಯಿ ಕಚ್ಚಿತು ಅಂತ ಕುಣಿಯಬೇಡಿ. ಅದು ಇನ್ನೂ ಕಾಯಿಯಲ್ಲ, ಕಾಯಿಯಾಗಲು ಹಾಕಿದ ಅರ್ಜಿ. ಮಂಜೂರಾಗುವುದು ಹೂ ಅರಳಿದ ಆ ಒಂದು ಬೆಳಗ್ಗೆ ಮಾತ್ರ. ಪ್ರತಿ ಹೂ ಒಂದೇ ದಿನ ಅರಳುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ತೆರೆದು, ಬಿಸಿಲೇರಿ ಮಧ್ಯಾಹ್ನ ಆಗುವುದರೊಳಗೆ ಮುಚ್ಚಿಕೊಂಡು ಮುಗಿಯುತ್ತದೆ. ಪರಾಗ ಭಾರ, ಅಂಟಂಟು, ಗಾಳಿಗೆ ಹಾರುವುದಿಲ್ಲ. ಜೇನು ಅಥವಾ ದುಂಬಿಯೇ ಹೊರಬೇಕು, ಅದೂ ಒಂದು ಸಲ ಬಂದು ಹೋದರೆ ಸಾಲದು.

ಪರಾಗ ಸಿಗದ ಹೀಚು ಎರಡು ಮೂರು ದಿನ ಹಸಿರಾಗಿಯೇ ಇರುತ್ತದೆ. ಆಮೇಲೆ ತುದಿಯಿಂದ ಹಳದಿಯಾಗಿ, ಸುಕ್ಕಿ, ಮುಟ್ಟಿದರೆ ಕಳಚಿ ಬೀಳುತ್ತದೆ. ಒಂದು ವಾರದೊಳಗೆ, ಮೊಟ್ಟೆಗಿಂತ ಚಿಕ್ಕದಿರುವಾಗಲೇ ಬಿದ್ದರೆ ಹೆಚ್ಚಾಗಿ ಇದೇ ಕಾರಣ. ಇದಕ್ಕೆ ಸುಣ್ಣ, ಬೂದಿ, ಗೊಬ್ಬರ ಏನು ಹಾಕಿದರೂ ಪ್ರಯೋಜನವಿಲ್ಲ.

ನಾನು ಕೆಲಸದಿಂದ ಬಂದು ಸಂಜೆಯೇ ತೋಟ ನೋಡುತ್ತಿದ್ದೆ. ಸಂಜೆ ಕಾಣುವುದು ಮುದುಡಿದ ಹೂಗಳು ಮಾತ್ರ. ಸಮಸ್ಯೆ ಗೊತ್ತಾಗಿದ್ದು ರಜೆಯ ದಿನ ಬೆಳಗ್ಗೆ ಆರೂವರೆಗೆ ಅಲ್ಲಿ ಕೂತಾಗ. ಒಂದೇ ಒಂದು ಹೆಣ್ಣು ಹೂ ಎಲೆಯ ಕೊಡೆಯ ಕೆಳಗೆ ಪೂರ್ತಿ ಅಡಗಿತ್ತು. ಜೇನುಗಳು ಬಂದಿದ್ದವು, ಆದರೆ ಎಲೆಯ ಮೇಲಕ್ಕೆ ಎದ್ದಿದ್ದ ಗಂಡು ಹೂಗಳಲ್ಲೇ ಹೊರಳಾಡಿ ಹೋದವು. ಎಂಟರವರೆಗೂ ಆ ಹೆಣ್ಣು ಹೂವಿನತ್ತ ಒಂದೂ ಸುಳಿಯಲಿಲ್ಲ. ಒಂಬತ್ತಕ್ಕೆ ಹೂ ಸೋಲಲು ಶುರುವಾಯಿತು. ಅಲ್ಲಿಗೆ ಆ ಕಾಯಿಯ ಕಥೆ ಮುಗಿಯಿತು ಅಲ್ವಾ?

ಆಮೇಲಿಂದ ಕೈಯಿಂದಲೇ ಮಾಡುತ್ತೇನೆ. ಹಿಂದಿನ ಸಂಜೆ ಒಂದು ಸುತ್ತು ಹಾಕಿ. ನಾಳೆ ಅರಳುವ ಮೊಗ್ಗಿನ ತುದಿ ಹಸಿರಿನಿಂದ ಹಳದಿಗೆ ತಿರುಗಿರುತ್ತದೆ, ಅದನ್ನು ಗುರುತು ಮಾಡಿಕೊಳ್ಳಿ. ಬೆಳಗ್ಗೆ ಆರರಿಂದ ಎಂಟರೊಳಗೆ ಹೊಸದಾಗಿ ಅರಳಿದ ಗಂಡು ಹೂ ಕಿತ್ತು ಎಸಳುಗಳನ್ನು ಬಿಡಿಸಿ. ಒಳಗಿನ ಕಡ್ಡಿಯನ್ನು ಬೆರಳಿಂದ ಮುಟ್ಟಿದರೆ ಹಳದಿ ಪುಡಿ ಅಂಟಬೇಕು. ಅಂಟದಿದ್ದರೆ ಅದು ನಿನ್ನೆಯ ಹೂ ಅಥವಾ ಮಳೆಗೆ ತೊಳೆದುಹೋಗಿದೆ, ಬೇರೆ ಹುಡುಕಿ. ಹೆಣ್ಣು ಹೂವಿನ ನಡುವೆ ಮೂರ್ನಾಲ್ಕು ಹೋಳಾದ ಗುಬುಟು ಇರುತ್ತದೆ. ಆ ಹೋಳುಗಳೆಲ್ಲಕ್ಕೂ ಸುತ್ತಲೂ ಮೆಲ್ಲಗೆ ಸವರಿ. ಒಂದೇ ಬದಿಗೆ ಸವರಿದರೆ ಕಾಯಿಯೂ ಒಂದು ಬದಿಗೆ ಸೊಟ್ಟಗಾಗುತ್ತದೆ. ಎರಡು ಗಂಡು ಹೂ ಬಳಸಿದರೆ ಇನ್ನೂ ಒಳ್ಳೆಯದು. ಮೂರು ನಾಲ್ಕು ದಿನಕ್ಕೆ ಹೀಚು ಊದಿಕೊಳ್ಳಲು ಶುರುವಾದರೆ ಕಚ್ಚಿತು ಅಂತ ಲೆಕ್ಕ.

ಇಷ್ಟು ಮಾಡಿಯೂ ಉದುರಿದರೆ ಬೇರೆ ಕಾರಣ ಹುಡುಕಬೇಕು. ಹಗಲು 32 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಹೆಣ್ಣು ಹೂವೇ ಕಡಿಮೆಯಾಗುತ್ತದೆ, ಪರಾಗದ ಶಕ್ತಿಯೂ ಕುಗ್ಗುತ್ತದೆ. ಹವೆ ಬದಲಾಗುವವರೆಗೆ ಕಾಯಬೇಕು, ಬೇರೆ ದಾರಿಯಿಲ್ಲ. ಎಲೆಗಳು ಕಡು ಹಸಿರಾಗಿ ಮೊರದಷ್ಟು ಅಗಲವಾಗಿದ್ದು ಹೂವೇ ವಿರಳವಾಗಿದ್ದರೆ ಸಾರಜನಕ ಅತಿಯಾಗಿದೆ. ಯೂರಿಯಾ, ಹಸಿ ಕೋಳಿಗೊಬ್ಬರ ನಿಲ್ಲಿಸಿ. ದಿನಕ್ಕೆ ಆರು ಗಂಟೆಗಿಂತ ಕಡಿಮೆ ಬಿಸಿಲು ಬೀಳುವ ಜಾಗವಾದರೆ ಬಳ್ಳಿ ಬೆಳೆಯುತ್ತದೆ, ಕಾಯಿ ನಿಲ್ಲುವುದಿಲ್ಲ.

ಕೊನೆಯದು, ಬಳ್ಳಿ ತಾನೇ ಲೆಕ್ಕ ಹಾಕಿ ಉದುರಿಸುವುದು. ಆಗಲೇ ಮೂರ್ನಾಲ್ಕು ಕಾಯಿ ದಪ್ಪವಾಗುತ್ತಿರುವ ಬಳ್ಳಿ ಹೊಸ ಹೀಚುಗಳನ್ನು ಬೇಡ ಅನ್ನುತ್ತದೆ. ಅದನ್ನು ತಡೆಯಲು ಹೋಗಬೇಡಿ. ಬಳ್ಳಿಯ ಲೆಕ್ಕ ನಮ್ಮ ಆಸೆಗಿಂತ ಸರಿ ಇರುತ್ತದೆ.

ಬಳ್ಳಿ ಬಾಡಿದೆ

ಯಾವ ಹೊತ್ತಿಗೆ ಬಾಡಿದೆ ಅನ್ನುವುದೇ ಇಲ್ಲಿ ಮುಖ್ಯ. ಮಧ್ಯಾಹ್ನ ಎರಡಕ್ಕೆ ಎಲೆಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದು, ಸಂಜೆಗೆ ಎದ್ದು ನಿಂತರೆ ದೋಷವಿಲ್ಲ. ಅಷ್ಟು ಅಗಲದ ಎಲೆ ಬಿಸಿಲಿಗೆ ಬಿಡುವ ನೀರಿನ ವೇಗಕ್ಕೆ ಬೇರು ಎಳೆಯಲಾಗುವುದಿಲ್ಲ, ಅಷ್ಟೇ. ಆ ಹೊತ್ತಿಗೆ ಕನಿಕರಪಟ್ಟು ನೀರು ಸುರಿಯುವ ಅಭ್ಯಾಸವೇ ಬೇರು ಕೊಳೆಯಲು ದಾರಿ. ಮರುದಿನ ಬೆಳಗ್ಗೆ ಬಿಸಿಲು ಬೀಳುವ ಮುಂಚೆ ನೋಡಿ. ಆಗಲೂ ಬಾಡಿದ್ದರೆ ಮಾತ್ರ ಮುಂದೆ ಓದಿ.

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಕೊಡಿ, ಒಂದು ಗಂಟೆಯಲ್ಲಿ ಉತ್ತರ ಸಿಗುತ್ತದೆ. ವಾರಕ್ಕೆ ಒಂದು ಚದರ ಮೀಟರ್‌ಗೆ ಸುಮಾರು 25 ಲೀಟರ್ ಅಂದಾಜು. ದಿನಾ ಚಿಮುಕಿಸುವುದಕ್ಕಿಂತ ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ಕೊಡುವುದು ಉತ್ತಮ. ಮಣ್ಣು ಒದ್ದೆಯಾಗಿದ್ದೂ ಬಳ್ಳಿ ಬಾಡಿದ್ದರೆ ನೀರು ಮೇಲೇರುವ ದಾರಿಯಲ್ಲಿ ಎಲ್ಲೋ ತಡೆ ಇದೆ. ಮಂಡಿಯೂರಿ ಬುಡ ನೋಡಬೇಕು.

ಬುಡದ ಕಾಂಡದಲ್ಲಿ ರಂಧ್ರವಿದ್ದು, ಅದರಿಂದ ಮರದ ಹೊಟ್ಟಿನಂಥ ಒದ್ದೆ ಪುಡಿ ಹೊರಗೆ ಬಂದಿದ್ದರೆ ಒಳಗೆ ಕಾಂಡ ಕೊರೆಯುವ ಹುಳ ಇದೆ. ಉತ್ತರ ಅಮೆರಿಕದ ತೋಟಗಳಲ್ಲಿ ಇದು ದೊಡ್ಡ ಕಾಟ. ಮ್ಯಾಕ್ಸಿಮಾ, ಪೆಪೊ ಜಾತಿಗಳು ಬೇಗ ಬಲಿಯಾಗುತ್ತವೆ, ಬಟರ್‌ನಟ್ ಹೆಚ್ಚಾಗಿ ಪಾರಾಗುತ್ತದೆ. ಚೂಪು ಬ್ಲೇಡಿನಿಂದ ಕಾಂಡವನ್ನು ಉದ್ದುದ್ದಕ್ಕೆ ಸೀಳಿ, ಅಡ್ಡ ಕೊಯ್ಯಬೇಡಿ. ಕಂದು ತಲೆಯ ಬಿಳಿ ಹುಳ ತೆಗೆದು, ಸೀಳಿದ ಭಾಗವನ್ನು ಒದ್ದೆ ಮಣ್ಣಿನಿಂದ ಮುಚ್ಚಿ. ಕುಂಬಳ ಗೆಣ್ಣು ಗೆಣ್ಣಿನಲ್ಲೂ ಬೇರು ಬಿಡುವ ಬಳ್ಳಿ. ಮುಂದಿನ ಎರಡು ಮೂರು ಗೆಣ್ಣಿನ ಮೇಲೂ ಮಣ್ಣು ಹಾಕಿದರೆ ಅದು ಹೊಸ ಬೇರಿನ ಮೇಲೆ ನಿಂತು ಬದುಕಬಹುದು. ನಾನಂತೂ ಈಗ ತೊಂದರೆ ಬರುವ ಮುಂಚೆಯೇ ಒಂದೆರಡು ಗೆಣ್ಣನ್ನು ಹೂತಿಡುತ್ತೇನೆ.

ರಂಧ್ರವಿಲ್ಲ, ಮೊದಲು ಒಂದು ಎಲೆ ಬಾಡಿತು, ಆಮೇಲೆ ಒಂದು ಕವಲು, ಕೊನೆಗೆ ಇಡೀ ಬಳ್ಳಿ. ಹೀಗಾದರೆ ಬ್ಯಾಕ್ಟೀರಿಯಾ ಸೊರಗು ರೋಗದ ಅನುಮಾನ. ಬುಡದ ಹತ್ತಿರ ಕಾಂಡ ಕೊಯ್ದು, ಎರಡು ತುದಿಗಳನ್ನು ಒಂದಕ್ಕೊಂದು ಉಜ್ಜಿ, ನಿಧಾನಕ್ಕೆ ಎಳೆಯಿರಿ. ಜೇಡನ ಎಳೆಯಂಥ ಅಂಟು ದಾರ ನಡುವೆ ನಿಂತರೆ ಅದೇ. ಔಷಧಿಯಿಲ್ಲ, ಕಿತ್ತುಹಾಕಿ. ಇದನ್ನು ಹರಡುವುದು ಸೌತೆ ಬಳ್ಳಿಗೆ ಬರುವ ಪಟ್ಟೆ ಅಥವಾ ಚುಕ್ಕೆಯ ದುಂಬಿಗಳು. ದಾರ ಬರಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತ ಖಚಿತವಾಗಿ ಹೇಳಲಾಗದು. ಕುಂಬಳದಲ್ಲಿ ಈ ಪರೀಕ್ಷೆ ಸೌತೆಯಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಬಳ್ಳಿ ಸಾಯದೆ, ಬೆಳೆಯದೆ, ದಿನವೂ ಸ್ವಲ್ಪ ಸ್ವಲ್ಪ ಬಾಡುತ್ತಿದ್ದರೆ ಬೇರು ನೋಡದೆ ಏನೂ ಹೇಳಲಾಗದು. ಹೇಗೂ ಹೋಗುವ ಬಳ್ಳಿ ಒಂದನ್ನು ಅಗೆದು ತೆಗೆಯಿರಿ. ಬೇರಿನ ತುಂಬಾ ಮಣಿಸರದಂತೆ ಗಂಟು ಗಂಟಾಗಿದ್ದರೆ ಗಂಟುಬೇರಿನ ಜಂತುಹುಳು. ಅದೇ ಪಾತಿಯಲ್ಲಿ ಎರಡು ಮೂರು ವರ್ಷ ಕುಂಬಳ, ಸೌತೆ, ಟೊಮೆಟೊ, ಬೆಂಡೆ ಹಾಕಬೇಡಿ. ಬೇರು ಕಂದಾಗಿ, ಹಿಸುಕಿದರೆ ತೊಗಟೆ ಜಾರಿಬರುತ್ತಿದ್ದರೆ ನೀರು ನಿಂತು ಕೊಳೆತದ್ದು. ಏರು ಮಡಿ ಮಾಡದೆ ಆ ಜಾಗದಲ್ಲಿ ಮತ್ತೆ ಹಾಕಿ ಪ್ರಯೋಜನವಿಲ್ಲ.

ಏಷ್ಯಾದ ತೋಟಗಳಲ್ಲಿ ಸಸಿಗೆ ಮೊದಲ ಶತ್ರು ಕೆಂಪು ದುಂಬಿ. ಮೊದಲ ಎರಡೆಲೆಯನ್ನೇ ಜರಡಿ ಮಾಡುತ್ತದೆ. ಮರಿಹುಳುಗಳು ಮಣ್ಣಿನೊಳಗೆ ಬೇರು ತಿನ್ನುತ್ತವೆ. ಬೆಳಗಿನ ತಂಪಿನಲ್ಲಿ ಈ ದುಂಬಿಗಳು ಮಂಕಾಗಿರುತ್ತವೆ, ಕೈಯಿಂದ ಹೆಕ್ಕಿ ಸೋಪಿನ ನೀರಿಗೆ ಹಾಕಬಹುದು. ಹತ್ತು ಗಂಟೆಗೆ ಹೋದರೆ ಒಂದೂ ಕೈಗೆ ಸಿಗುವುದಿಲ್ಲ. ನಾಲ್ಕೈದು ಎಲೆ ಬರುವವರೆಗೆ ಸಸಿಗೆ ಸೊಳ್ಳೆ ಪರದೆಯ ತುಂಡು ಹೊದಿಸಿದರೆ ಈ ಕೆಲಸವೂ ಇಲ್ಲ. ಹೂ ಬಂದಾಗ ಮಾತ್ರ ಪರದೆ ತೆಗೆಯಲು ಮರೆಯಬೇಡಿ, ಜೇನಿಗೆ ಬಾಗಿಲು ಬೇಕಲ್ಲ.

ಎಲೆ ಮೇಲೆ ಬಿಳಿ

ನನ್ನ ದೊಡ್ಡ ತಪ್ಪು ಆಗಿದ್ದು ಇಲ್ಲೇ. ಮೊದಲ ವರ್ಷ ಬಟರ್‌ನಟ್ ಎಲೆಗಳ ಮೇಲೆ ನರಗಳು ಕವಲೊಡೆಯುವ ಕಡೆಯೆಲ್ಲ ಬೆಳ್ಳಿಬಣ್ಣದ ಮಚ್ಚೆ ಕಂಡಿತು. ಬೂದಿ ರೋಗ ಅಂತ ತೀರ್ಮಾನಿಸಿ ಮಧ್ಯಾಹ್ನದ ಬಿಸಿಲಲ್ಲೇ ಗಂಧಕದ ಪುಡಿ ಕಲಸಿ ಹೊಡೆದೆ. ಎರಡು ದಿನದಲ್ಲಿ ಎಲೆಯ ಅಂಚೆಲ್ಲ ಸುಟ್ಟು ಕಾಗದದಂತಾಯಿತು. ಮಚ್ಚೆ ಮಾತ್ರ ಹಾಗೇ ಇತ್ತು! ಅದು ರೋಗವಲ್ಲ, ಆ ತಳಿಯ ಹುಟ್ಟುಗುಣ. ಎಲೆಯ ಮೇಲ್ಪದರದ ಕೆಳಗೆ ಗಾಳಿ ಸೇರಿ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಇನ್ನು ಗಂಧಕವೋ, 32 ಡಿಗ್ರಿ ಮೀರಿದ ಬಿಸಿಲಲ್ಲಿ ಕುಂಬಳದ ಎಲೆಯನ್ನು ಸುಡುತ್ತದೆ ಅಂತ ಆಮೇಲೆ ತಿಳಿಯಿತು.

ಒದ್ದೆ ಬೆರಳಿಂದ ಒರೆಸಿ ನೋಡಿ. ಪುಡಿ ಕೈಗೆ ಬಂದರೆ ಬೂದಿ ರೋಗ. ಬರದಿದ್ದರೆ, ಮಚ್ಚೆ ನರಗಳ ಜೊತೆಗೇ ಓರಣವಾಗಿದ್ದರೆ, ಹುಟ್ಟುಗುಣ. ಇನ್ನೊಂದು ಮೂರನೆಯದೂ ಇದೆ. ಹಳೇ ಎಲೆ ಹಸಿರಾಗಿದ್ದು ಹೊಸ ಎಲೆಗಳು ಪೂರ್ತಿ ಬೆಳ್ಳಿ ಬಳಿದಂತೆ ಆದರೆ ಎಲೆ ಮಗುಚಿ ನೋಡಿ. ಬಿಳಿ ನೊಣದ ಮರಿಗಳು ರಸ ಹೀರಿದಾಗ ಹೀಗಾಗುತ್ತದೆ. ನೊಣ ಕಡಿಮೆಯಾದರೆ ಮುಂದಿನ ಎಲೆಗಳು ಮತ್ತೆ ಹಸಿರಾಗಿಯೇ ಬರುತ್ತವೆ.

ನಿಜವಾದ ಬೂದಿ ರೋಗ ಹಳೇ ಎಲೆಗಳಿಂದ ಶುರುವಾಗುತ್ತದೆ, ಮೊದಲು ಬೊಟ್ಟು ಬೊಟ್ಟಾಗಿ, ಆಮೇಲೆ ಮೈದಾ ಚೆಲ್ಲಿದಂತೆ. ಎಲೆ ಒದ್ದೆಯಾಗದಿದ್ದರೂ ಬರುತ್ತದೆ, ಒಣ ಹಗಲು, ತೇವದ ರಾತ್ರಿ ಇದ್ದರೆ ಅದಕ್ಕೆ ಹಬ್ಬ. ಮೊದಲ ಬೊಟ್ಟು ಕಂಡಾಗಲೇ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೆ ಎರಡು ಸಲ ಎಲೆಯ ಎರಡೂ ಬದಿಗೆ ಸಿಂಪಡಿಸಿ. ಇದು ಅಜ್ಜಿ ಮದ್ದಷ್ಟೇ ಅಲ್ಲ. ಬ್ರೆಜಿಲ್‌ನಲ್ಲಿ ಝುಕಿನಿ (ಎಳಸಾಗಿರುವಾಗಲೇ ತಿನ್ನುವ ಕುಂಬಳದ ಬಗೆ) ಮೇಲೆ ಮಾಡಿದ ಪ್ರಯೋಗ 1999ರಲ್ಲಿ ಪ್ರಕಟವಾಯಿತು, ಹಾಲು ಕೆಲಸ ಮಾಡಿತ್ತು. ಆದರೆ ಇಡೀ ಬಳ್ಳಿ ಬೆಳ್ಳಗಾದ ಮೇಲೆ ಹಾಲು ಸುರಿದರೆ ಹಾಲೂ ದಂಡ. ಕಾಯಿ ಬಲಿಯುವ ಕೊನೆಯ ಎರಡು ವಾರದಲ್ಲಿ ಬಂದರೆ ನಾನು ತಲೆಕೆಡಿಸಿಕೊಳ್ಳುವುದೇ ಇಲ್ಲ.

ಬಿಳಿಯ ಬದಲು ಹಳದಿ ಮಚ್ಚೆ, ಅದೂ ನರಗಳ ನಡುವೆ ಗೆರೆ ಹಾಕಿ ಕತ್ತರಿಸಿದಂತೆ ಮೂಲೆ ಮೂಲೆಯಾಗಿದ್ದರೆ, ಬೆಳಗ್ಗೆ ಎಲೆಯ ಅಡಿಯಲ್ಲಿ ಬೂದು ಅಥವಾ ನೇರಳೆ ಬಣ್ಣದ ಬೂಜು ಹುಡುಕಿ. ಕಂಡರೆ ಬೂಜು ತುಪ್ಪಟ ರೋಗ. ಇದಕ್ಕೆ ಒದ್ದೆ ಎಲೆ ಬೇಕೇ ಬೇಕು. ನೀರನ್ನು ಬುಡಕ್ಕೆ ಮಾತ್ರ ಬಿಡಿ, ಬಳ್ಳಿಗಳ ನಡುವೆ ಒಂದು ಒಂದೂವರೆ ಮೀಟರ್ ಗಾಳಿಯಾಡುವ ಜಾಗ ಕೊಡಿ, ಹಿಡಿದ ಎಲೆ ತೆಗೆಯಿರಿ. ವೇಗವಾಗಿ ಹರಡುವ ರೋಗ, ನಾಳೆ ಅಂದರೆ ತಡ.

ಹೊಸ ಎಲೆಗಳು ಸುಕ್ಕುಗಟ್ಟಿ, ಕಡು ಹಸಿರು ತಿಳಿ ಹಸಿರು ತೇಪೆಯಾಗಿದ್ದು, ಕಾಯಿಯ ಮೇಲೂ ಗುಳ್ಳೆ ಎದ್ದರೆ ಮೊಸಾಯಿಕ್ ವೈರಸ್. ಮದ್ದಿಲ್ಲ. ಸಸ್ಯಹೇನು ಒಂದೆರಡು ನಿಮಿಷ ಚುಚ್ಚಿದರೂ ವೈರಸ್ ದಾಟಿಬಿಡುತ್ತದೆ, ಹಾಗಾಗಿ ಹೇನಿಗೆ ವಿಷ ಹೊಡೆದು ಇದನ್ನು ತಡೆಯುವುದು ಕಷ್ಟ. ಒಂದೇ ಬಳ್ಳಿಯಲ್ಲಿ ಕಂಡರೆ ಕರುಣೆ ತೋರಿಸದೆ ಕಿತ್ತುಬಿಡಿ. ಬುಡದ ಹಳೇ ಎಲೆ ಒಂದೆರಡು ಹಳದಿಯಾಗುವುದು ಮಾಮೂಲು, ಅದಕ್ಕೆ ಗಾಬರಿ ಬೇಡ.

ಕಾಯಿ ದಪ್ಪವಾಗುತ್ತಾ ಕೆಟ್ಟಿತು

ಹೂವಿದ್ದ ತುದಿಯಲ್ಲಿ ಕಪ್ಪು, ಒಣ, ಚರ್ಮದಂಥ ತಗ್ಗು ಬಿದ್ದಿದ್ದರೆ ಅದು ಸೋಂಕಲ್ಲ. ಕಾಯಿಗೆ ಸುಣ್ಣದಂಶ ತಲುಪಿಲ್ಲ. ಮಣ್ಣಿನಲ್ಲಿ ಸುಣ್ಣ ಇಲ್ಲ ಅಂತ ಅರ್ಥವಲ್ಲ, ಹೆಚ್ಚಿನ ಸಲ ಇದ್ದೇ ಇರುತ್ತದೆ. ಅದು ಮೇಲೇರುವುದು ನೀರಿನ ಜೊತೆ. ನೀರು ಒಂದು ವಾರ ಬರ, ಒಂದು ವಾರ ಪ್ರವಾಹ ಆದರೆ ಕಾಯಿಯ ತುದಿಗೆ ಪಾಲು ಸಿಗುವುದಿಲ್ಲ. ಎಲೆಗೆ ಸುಣ್ಣದ ನೀರು ಸಿಂಪಡಿಸುವ ಬದಲು ಬುಡಕ್ಕೆ ಒಣ ಎಲೆ, ಹುಲ್ಲಿನ ಹೊದಿಕೆ ಹಾಕಿ ತೇವ ಒಂದೇ ಸಮ ಇರುವಂತೆ ನೋಡಿಕೊಳ್ಳಿ. ಮೇಲೆ ಹೇಳಿದ ಪರಾಗದ ದೋಷಕ್ಕೂ ಇದಕ್ಕೂ ಗೊಂದಲ ಬೇಡ. ಪರಾಗ ಸಿಗದ್ದು ಚಿಕ್ಕದಿರುವಾಗಲೇ ಬೀಳುತ್ತದೆ, ಇದು ಬೆಳೆದ ಮೇಲೆ ಕಾಣುತ್ತದೆ.

ಎಳೆ ಕಾಯಿಯ ಮೈಮೇಲೆ ಸೂಜಿಮೊನೆಯಷ್ಟು ಚುಕ್ಕೆ, ಅದರಿಂದ ಅಂಟಿನ ಹನಿಯೊಂದು ಒಸರಿ ಗಟ್ಟಿಯಾಗಿದ್ದರೆ ಕಾಯಿ ನೊಣ ಮೊಟ್ಟೆ ಇಟ್ಟಿದೆ. ಹೊರಗಿಂದ ಚೆಂದವಾಗಿಯೇ ಕಾಣುತ್ತದೆ. ಕೊಯ್ದರೆ ಒಳಗೆ ತಿರುಳು ಲೋಳೆಯಾಗಿ, ಬಿಳಿ ಹುಳುಗಳು ಮಿಜಿಗುಡುತ್ತವೆ. ಆ ಹನಿ ಕಂಡ ಕಾಯಿಯನ್ನು ಉಳಿಸಲು ಹೋಗಬೇಡಿ. ಗೊಬ್ಬರ ಗುಂಡಿಗೂ ಹಾಕಬೇಡಿ, ಅಲ್ಲೇ ಕೋಶವಾಗಿ ಎದ್ದು ಬರುತ್ತವೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿದು ಕೆಲವು ದಿನ ಸುಡು ಬಿಸಿಲಲ್ಲಿಡಿ. ಕ್ಯೂಲೂರ್ ಅನ್ನುವ, ವಾಸನೆಯಿಂದ ನೊಣ ಸೆಳೆಯುವ ಮದ್ದಿನ ಬಲೆ ತೂಗುಹಾಕಿದ್ದೇನೆ, ಆದರೂ ಕಾಟ ನಿಂತಿಲ್ಲ ಅನ್ನುವವರು ಬಹಳ. ಆ ವಾಸನೆಗೆ ಬರುವುದು ಗಂಡು ನೊಣ ಮಾತ್ರ, ಮೊಟ್ಟೆ ಇಡುವುದು ಹೆಣ್ಣು. ಮನೆತೋಟಕ್ಕೆ ನನಗೆ ಒಪ್ಪಿಗೆಯಾದ ಉಪಾಯ ಚೀಲ. ಹೀಚು ಕಚ್ಚಿದ್ದು ಖಾತ್ರಿಯಾದ ದಿನವೇ ತೆಳು ಬಟ್ಟೆಯ ಚೀಲ ಹಾಕಿ ಬಾಯಿಯನ್ನು ಸಡಿಲವಾಗಿ ಕಟ್ಟಿ. ಸಿಪ್ಪೆ ಗಟ್ಟಿಯಾದ ಮೇಲೆ ನೊಣಕ್ಕೆ ಚುಚ್ಚುವುದು ಕಷ್ಟ.

ನೆಲಕ್ಕೆ ತಾಗಿದ ಬದಿ ಮೆತ್ತಗಾಗುತ್ತಿದ್ದರೆ ಕಾಯಿಯ ಕೆಳಗೆ ಹೆಂಚಿನ ಚೂರೋ ಹಲಗೆಯೋ ಇಡಿ. ಎತ್ತುವಾಗ ತೊಟ್ಟು ತಿರುಚಬೇಡಿ. ಬಿಸಿಲಿನ ಬದಿಯಲ್ಲಿ ಬೆಳ್ಳಗೆ ಬೆಂದಂತಾದರೆ ಎಲೆಯೋ ಹುಲ್ಲೋ ಮುಚ್ಚಿ. ಮೈಮೇಲಿನ ಒಣ ಗೀರು, ಬಿರಡೆಯಂಥ ಹಕ್ಕಳೆ ನೋಡಲು ಕೆಟ್ಟದ್ದಷ್ಟೇ, ಒಳಗೆ ಏನೂ ಆಗಿರುವುದಿಲ್ಲ.

ಕಾಯಿ ಕಹಿ

ಇದೊಂದರಲ್ಲಿ ಮಾತ್ರ ಪ್ರಯೋಗ ಬೇಡ. ಕಹಿ ಕುಂಬಳ ತಿನ್ನಬಾರದು, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಕುಕುರ್ಬಿಟಾಸಿನ್ ಅನ್ನುವ ಅಂಶ ಅದು. 2015ರಲ್ಲಿ ಜರ್ಮನಿಯಲ್ಲಿ ಮನೆತೋಟದ ಕಹಿ ಝುಕಿನಿ ತಿಂದು 79 ವರ್ಷದ ಒಬ್ಬರು ತೀರಿಕೊಂಡರು. ಬೀಜ ಎತ್ತಿಟ್ಟು ಬೆಳೆದ ಕಾಯಿಯಾದರೆ ಅಡುಗೆಗೆ ಮುಂಚೆ ಹಸಿ ತಿರುಳಿನ ಚೂರನ್ನು ನಾಲಿಗೆ ತುದಿಗೆ ಮುಟ್ಟಿಸಿ ಉಗುಳಿ. ಕಹಿ ಅನ್ನಿಸಿದರೆ ಇಡೀ ಕಾಯಿ ಎಸೆಯಿರಿ, ಆ ಬಳ್ಳಿಯ ಉಳಿದವನ್ನೂ.

ಕಾರಣ ಹೆಚ್ಚಾಗಿ ಹೋದ ವರ್ಷದ್ದು. ಏಕಾರ್ನ್ ಪಕ್ಕ ಅಲಂಕಾರದ ಪುಟ್ಟ ಕುಂಬಳ ಹಾಕಿದ್ದರೆ ಎರಡೂ ಪೆಪೊ ಜಾತಿಯೇ ಆಗಿದ್ದು ಜೇನು ಪರಾಗ ಬೆರೆಸಿರುತ್ತದೆ. ಆ ವರ್ಷದ ಕಾಯಿಯ ರುಚಿ ಕೆಡುವುದಿಲ್ಲ. ಬೆರಕೆ ಕೂತಿರುವುದು ಬೀಜದಲ್ಲಿ, ಅದು ಬಯಲಾಗುವುದು ಮುಂದಿನ ಬೆಳೆಯಲ್ಲಿ. ಬೀಜ ಎತ್ತಿಡುವ ಆಸೆ ಇದ್ದರೆ ಹಿಂದಿನ ಸಂಜೆಯೇ ಗಂಡು, ಹೆಣ್ಣು ಎರಡೂ ಮೊಗ್ಗಿನ ತುದಿಯನ್ನು ಟೇಪಿನಿಂದ ಕಟ್ಟಿ. ಬೆಳಗ್ಗೆ ಬಿಚ್ಚಿ ಕೈಯಿಂದ ಪರಾಗ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ.

ಸಪ್ಪೆ ಕಾಯಿ, ಕೊಳೆತ ಕಾಯಿ

ಸಪ್ಪೆಯಾದರೆ ಬೇಗ ಕೊಯ್ದಿದ್ದೀರಿ. ಕಾಯಿ ಕಚ್ಚಿದ ದಿನದಿಂದ ಸುಮಾರು 45ರಿಂದ 55 ದಿನ ಬೇಕು. ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಟರ್‌ನಟ್ ಆದರೆ ತೊಟ್ಟಿನ ಹತ್ತಿರದ ಹಸಿರು ಗೆರೆಗಳು ಪೂರ್ತಿ ಮಾಯವಾಗಿ ಮೈಯೆಲ್ಲ ಒಂದೇ ಗೋಧಿ ಬಣ್ಣಕ್ಕೆ ಬರಬೇಕು. ಹೆಬ್ಬೆರಳ ಉಗುರು ಒತ್ತಿ ನೋಡಿ. ಸಿಪ್ಪೆ ಸೀಳಿದರೆ ಇನ್ನೂ ಎಳಸು, ಬರೀ ಗುರುತು ಮೂಡಿದರೆ ಸ್ವಲ್ಪ ಕಾಯಬಹುದು, ಉಗುರೇ ಸೋತರೆ ಕೊಯ್ಯಬಹುದು. ಕೊಯ್ದ ದಿನವೇ ಅಡುಗೆ ಮಾಡಿ ರುಚಿ ಇಲ್ಲ ಅನ್ನಬೇಡಿ. ಬಟರ್‌ನಟ್, ಕಬೋಚಾದಲ್ಲಿ ಪಿಷ್ಟ ಸಕ್ಕರೆಯಾಗಲು ಕೆಲವು ವಾರ ಹಿಡಿಯುತ್ತದೆ.

ಇಟ್ಟ ಕಾಯಿ ಕೊಳೆತರೆ ಎಲ್ಲಿಂದ ಶುರುವಾಗಿದೆ ನೋಡಿ. ತೊಟ್ಟಿನ ಸುತ್ತ ಮೆತ್ತಗಾಗಿದ್ದರೆ ತೊಟ್ಟನ್ನು ತಿರುಚಿ ಕಿತ್ತಿದ್ದೀರಿ, ಇಲ್ಲವೇ ಅದನ್ನೇ ಹಿಡಿದು ಹೊತ್ತಿದ್ದೀರಿ. ಕತ್ತರಿಯಿಂದ ಮೂರರಿಂದ ಐದು ಸೆಂಟಿಮೀಟರ್ ತೊಟ್ಟು ಬಿಟ್ಟು ಕೊಯ್ಯಬೇಕು. ಮೈಯಲ್ಲಿ ಅಲ್ಲಲ್ಲಿ ಬೊಟ್ಟಾಗಿ ಕೊಳೆತರೆ ಉಗುರೋ ಕಲ್ಲೋ ತಾಗಿದ ಗಾಯ. ಎಲ್ಲ ಕಡೆಯೂ ನೀರುನೀರಾಗಿದ್ದರೆ ಚಳಿ ತಾಗಿದೆ, ಫ್ರಿಜ್‌ನಲ್ಲಿಟ್ಟಿರಬಹುದು. ಇಡಿಯಾದ ಕಾಯಿಗೆ 10 ಡಿಗ್ರಿಗಿಂತ ಕೆಳಗೆ ಒಗ್ಗುವುದಿಲ್ಲ. 10ರಿಂದ 13 ಡಿಗ್ರಿಯ ಒಣ ಜಾಗ ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಮನೆಯ ತಂಪು ಮೂಲೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಬೇಗ ಮುಗಿಸಿ. ಇಡುವ ಮುಂಚೆ ಸುಮಾರು ಹತ್ತು ದಿನ ಗಾಳಿಯಾಡುವ ಬೆಚ್ಚಗಿನ ಜಾಗದಲ್ಲಿ ಹರಡಿದರೆ ಸಿಪ್ಪೆ ಗಟ್ಟಿಯಾಗಿ ಸಣ್ಣ ಗಾಯಗಳು ಮಾಯುತ್ತವೆ. ಏಕಾರ್ನ್‌ಗೆ ಮಾತ್ರ ಇದು ಬೇಡ. ಏಕಾರ್ನ್ ಒಂದೆರಡು ತಿಂಗಳಲ್ಲಿ ತಿಂದು ಮುಗಿಸಿ. ಬಟರ್‌ನಟ್ ಎರಡು ಮೂರು ತಿಂಗಳು ಇರುತ್ತದೆ. ಹಬ್ಬರ್ಡ್ ತಂಪು ಜಾಗದಲ್ಲಿ ಅರ್ಧ ವರ್ಷದವರೆಗೂ ಇರಬಲ್ಲದು.

ತಿಂಗಳುಗಟ್ಟಲೆ ಇಟ್ಟ ಕಾಯಿ ಹೆಚ್ಚಿದಾಗ ಒಳಗೆ ಬೀಜಗಳು ಬಿಳಿ ಬಾಲ ಬಿಟ್ಟು ಮೊಳೆತಿರುವುದುಂಟು. ಹೆದರಬೇಡಿ, ಹುಳ ಅಲ್ಲ. ಮೊಳಕೆಗಳನ್ನೂ ನಾರನ್ನೂ ಕೆರೆದು ತೆಗೆಯಿರಿ. ತಿರುಳು ಗಟ್ಟಿಯಾಗಿದ್ದು, ವಾಸನೆಯಿಲ್ಲದೆ, ನಾಲಿಗೆಗೆ ಕಹಿ ಇಲ್ಲದಿದ್ದರೆ ಅಡುಗೆಗೆ ಆಗುತ್ತದೆ.